ಮೂರು ಸಾಲಿನ ಚೀಟಿ

ಶನಿವಾರ ಮಧ್ಯಾಹ್ನ ಮೂರಕ್ಕೆ ಲೈಬ್ರರಿಯ ಎರಡನೇ ಮಹಡಿಯಲ್ಲಿ ದಡ್ಡರ ಸಂತೆ ನೆರೆಯುತ್ತಿತ್ತು. ಬೋರ್ಡಿನ ಮೇಲೇನೋ ‘ಪೈಥಾನ್ ಕಲಿಯುವವರಿಗೆ ಉಚಿತ ಸಹಾಯ’ ಎಂದೇ ಬರೆದಿತ್ತು. ದಡ್ಡರ ಸಂತೆ ಎನ್ನುವುದು ಸಹಾಯಕ್ಕೆಂದು ಕೂತವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರು. ಬಂದವರೂ ಬೆನ್ನ ಹಿಂದೆ ಅವಳಿಗೊಂದು ಹೆಸರಿಟ್ಟಿದ್ದರು: ಮುಳ್ಳಕ್ಕ.

ವಾರದ ಐದು ದಿನ ಅವಳು ಆಫೀಸಿನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು. ಆರನೆಯ ದಿನ ಈ ಟೇಬಲ್ಲಿಗೆ ಅವಳನ್ನು ಕಟ್ಟಿಹಾಕಿದ್ದು ಲೈಬ್ರರಿ ನೋಡಿಕೊಳ್ಳುತ್ತಿದ್ದ ದೊಡ್ಡಮ್ಮ. “ವಾರವಿಡೀ ಮೆಷಿನ್ ಜೊತೆ ಮಾತಾಡ್ತೀಯ. ಒಂದು ಮಧ್ಯಾಹ್ನ ಮನುಷ್ಯರ ಜೊತೆ ಮಾತಾಡಿದ್ರೆ ನಾಲಿಗೆ ಸವೆಯಲ್ಲ” ಎಂದಿದ್ದರು. ನಾಲಿಗೆ ಸವೆಯಲಿಲ್ಲ ನಿಜ. ದಿನದಿಂದ ದಿನಕ್ಕೆ ಹರಿತವಾಯಿತು.

ಆ ಟೇಬಲ್ಲಿಗೊಂದು ಕಟ್ಟಳೆ ಇತ್ತು. ಬಾಯಿಬಿಡುವ ಮುಂಚೆ ಚೀಟಿಯಲ್ಲಿ ಮೂರು ಸಾಲು ಬರೆದುಕೊಡಬೇಕು: ಏನು ಮಾಡಿದೆ, ಏನಾಗಬೇಕಿತ್ತು, ಏನಾಯ್ತು. ಚೀಟಿ ಇಲ್ಲದೆ “ವರ್ಕ್ ಆಗ್ತಿಲ್ಲ” ಎಂದವರನ್ನು ಅವಳು ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಿದ್ದಳು, ಅಷ್ಟೆ. ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದಳು: ‘ಹತ್ತು ಮೂರ್ಖತನಗಳು’. ಯಾರ ತಪ್ಪು ಯಾವ ನಂಬರಿನದೆಂದು ಪೆನ್ಸಿಲ್ ತುದಿಯಿಂದ ತೋರಿಸಿ, ಆ ಪೆನ್ಸಿಲನ್ನು ಮತ್ತೆ ಮುಡಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಪೇಷಂಟ್‌ಗಳ ಪಟ್ಟಿ ಮಾಡಲು ಬರುತ್ತಿದ್ದ ಹಲ್ಲಿನ ಡಾಕ್ಟರ್ ಒಬ್ಬರು ಆರು ವಾರದಿಂದ ನಾಲ್ಕನೇ ನಂಬರಿನಲ್ಲೇ ಠಿಕಾಣಿ ಹೂಡಿದ್ದರು.

ಅಂಥ ಒಂದು ಶನಿವಾರ ನೀಲಿ ಯೂನಿಫಾರ್ಮಿನವನೊಬ್ಬ ಬಾಗಿಲಲ್ಲಿ ನಿಂತ. ಸೊಂಟದಲ್ಲಿ ಸ್ಪ್ಯಾನರ್, ಕಂಕುಳಲ್ಲಿ ಹಳೆಯ ಲ್ಯಾಪ್‌ಟಾಪ್.

“ಲಿಫ್ಟ್ ಆ ಕಡೆ” ಎಂದಳು ಅವಳು, ತಲೆ ಎತ್ತದೆ.

“ಗೊತ್ತು ಮೇಡಂ. ಅದರ ಒಳಗಿಂದಲೇ ಬಂದೆ.”

ಚೀಟಿಯನ್ನು ಅವಳ ಮುಂದಿಟ್ಟ. ಅಕ್ಷರಗಳು ಒಂದರ ಪಕ್ಕ ಒಂದು ನೆಟ್ಟಗೆ ನಿಂತಿದ್ದವು. *ಏನು ಮಾಡಿದೆ: ಮೂವತ್ತು ದಿನಕ್ಕೆ ಐದು ದಿನ ಕೂಡಿಸಿದೆ. ಏನಾಗಬೇಕಿತ್ತು: ಮೂವತ್ತೈದು. ಏನಾಯ್ತು: ಮುನ್ನೂರ ಐದು.*

ಅವಳ ತುಟಿಯ ಒಂದು ಕೊನೆ ಮೇಲೆದ್ದಿತು. “ಮುನ್ನೂರ ಐದು ದಿನ ಬಿಟ್ಟು ಲಿಫ್ಟ್ ಸರ್ವಿಸ್ ಮಾಡ್ತೀರಾ? ಯಾವ ಬಿಲ್ಡಿಂಗ್ ಹೇಳಿ, ಆ ಕಡೆ ತಲೆ ಹಾಕಿ ಮಲಗಲ್ಲ ನಾನು.”

“ಅದಕ್ಕೇ ಬಂದೆ.”

“ನೀವು ಟೈಪ್ ಮಾಡಿ ಕೊಟ್ಟಿದ್ದನ್ನ ಅದು ಅಕ್ಷರ ಅಂದ್ಕೊಂಡಿದೆ. ಮೂವತ್ತರ ಪಕ್ಕ ಐದನ್ನ ಅಂಟಿಸಿದೆ. ಸಂಖ್ಯೆ ಅಂತ ನೀವು ಹೇಳಿಲ್ಲ.”

“ನೋಡಿದ್ರೆ ಗೊತ್ತಾಗಲ್ವಾ ಅದಕ್ಕೆ?”

“ನೋಡಿದ್ರೆ ಗೊತ್ತಾಗೋದು ಅನ್ನೋದೇ ಇಲ್ಲ ಇಲ್ಲಿ. ಹೇಳಬೇಕು. ಬಾಯಿಬಿಟ್ಟು ಹೇಳಬೇಕು. ಎರಡನೇ ನಂಬರ್, ಗೋಡೆ ಮೇಲಿದೆ, ಓದ್ಕೊಳ್ಳಿ. ಮತ್ತೆ ಕೀಬೋರ್ಡ್ ಮುಟ್ಟೋ ಮುಂಚೆ ಕೈ ತೊಳ್ಕೊಂಡು ಬನ್ನಿ, ಗ್ರೀಸ್ ಡಬ್ಬಿಯಲ್ಲಿ ಅದ್ದಿದ ಹಾಗಿದೆ.”

ಅವನು ಹೋಗಿ ಕೈ ತೊಳೆದು ಬಂದ. ಮಣಿಕಟ್ಟಿನ ತನಕ ಬೆಳ್ಳಗಾಗಿತ್ತು. ಉಗುರಿನ ಸಂದಿ ಮಾತ್ರ ಕಪ್ಪಾಗೇ ಉಳಿದಿತ್ತು. ಅದನ್ನು ನೋಡಿ ಅವಳು ಮೂಗು ಮುರಿದಳು. ಅವನು ಅವಳು ಮೂಗು ಮುರಿಯುವುದನ್ನು ನೋಡಿದ, ಏನೋ ಒಳ್ಳೆಯದನ್ನು ಕಂಡವನ ಹಾಗೆ.

ಆಮೇಲೆ ಅವನು ವಾರ ತಪ್ಪಿಸಲಿಲ್ಲ. ಊರಿನ ನಲವತ್ತು ಲಿಫ್ಟುಗಳು ಅವನ ಸುಪರ್ದಿಯಲ್ಲಿದ್ದವು. ಯಾವುದರ ಹಗ್ಗ, ಯಾವುದರ ಬ್ರೇಕ್ ಈ ತಿಂಗಳು ನೋಡಬೇಕು ಎಂಬ ಪಟ್ಟಿ ಇಷ್ಟು ವರ್ಷ ಕಾಗದದ ಮೇಲಿತ್ತು. ಅದನ್ನು ಪ್ರೋಗ್ರಾಂ ಮಾಡುತ್ತೇನೆಂದು ಸೂಪರ್‌ವೈಸರಿಗೆ ಮಾತು ಕೊಟ್ಟಿದ್ದ. ಮಿಕ್ಕವರು ಉತ್ತರ ಸಿಕ್ಕ ಕೂಡಲೇ ಕಾಲ್ತೆಗೆಯುತ್ತಿದ್ದರು. ಇವನು ಹೋಗುತ್ತಿರಲಿಲ್ಲ. ಅವಳು ಬೇರೆಯವರನ್ನು ಬೈಯುವುದನ್ನು ತಲೆ ಸ್ವಲ್ಪ ವಾಲಿಸಿ, ಪದ್ಯ ಕೇಳುವವರ ಹಾಗೆ ಕೇಳುತ್ತಾ ಕೂರುತ್ತಿದ್ದ.

“ನಿಮ್ಮದು ಮುಗೀತಲ್ಲ, ಇನ್ನೇನು?” ಎಂದಳು ಒಂದು ದಿನ.

“ಕೇಳ್ತಾ ಇದೀನಿ.”

“ಏನನ್ನ?”

“ನೀವು ಬೈಯೋದನ್ನ. ಈ ಗೋಡೆ ಹಿಂದೆಯೇ ಲಿಫ್ಟಿನ ಬಾವಿ. ಅದರೊಳಗೆ ನಿಂತು ಕೆಲಸ ಮಾಡುವಾಗ ಎಲ್ಲ ಕೇಳುತ್ತೆ. ಮೂರು ತಿಂಗಳು ಅಲ್ಲೇ ಕೇಳಿದ್ದು. ಆಮೇಲೆ, ಎದುರಿಗೇ ಕೂತು ಕೇಳೋಣ ಅನ್ನಿಸ್ತು.”

“ಬೈಗುಳ ಕೇಳೋಕೆ ಪೈಥಾನ್ ಕಲಿತ್ರಾ?”

“ಲಿಫ್ಟ್ ಪಟ್ಟಿಗೆ ಕಲಿತೆ. ಬೈಗುಳ ಉಚಿತ ಅಂತ ಬೋರ್ಡಲ್ಲಿತ್ತು.”

ಅವಳಿಗೆ ನಗು ಬಂತು. ಕೆಮ್ಮಿನ ಹಾಗೆ ಮಾಡಿ ನುಂಗಿಕೊಂಡಳು. ಕೌಂಟರಿನಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತುತ್ತಿದ್ದ ದೊಡ್ಡಮ್ಮನ ಕೈ ಗಾಳಿಯಲ್ಲೇ ಒಂದು ಗಳಿಗೆ ನಿಂತು, ಆಮೇಲೆ ಬಿತ್ತು.

ಕೊನೆಗೊಂದು ಶನಿವಾರ ಅವನು ಪೂರ್ತಿ ಪ್ರೋಗ್ರಾಂ ತಂದ. ಹನ್ನೊಂದು ಸಾಲು. ಒಂದೊಂದೇ ಲಿಫ್ಟ್ ನೋಡುತ್ತಾ ಹೋಗಿ, ಸರ್ವಿಸ್ ಬಾಕಿ ಇರುವುದನ್ನು ಒಂದು ಹೊಸ ಪಟ್ಟಿಗೆ, ಇಲ್ಲದ್ದನ್ನು ಇನ್ನೊಂದು ಹೊಸ ಪಟ್ಟಿಗೆ ಬರೆದಿದ್ದ. ಹಳೆಯ ಪಟ್ಟಿಯನ್ನು ಮುಟ್ಟಿರಲೇ ಇಲ್ಲ.

“ಹನ್ನೊಂದು ಸಾಲು? ಇದೇನು ಕೋಡೋ ಪುರಾಣವೋ?” ಎಂದಳು. ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು, ಅವನ ಏಳು ಸಾಲನ್ನು ಒಂದೇ ಉಸಿರಿಗೆ ಅಳಿಸಿದಳು. “ಎರಡೆರಡು ಪಟ್ಟಿ ಯಾಕೆ? ಬಾಕಿ ಇರೋದು ಸಿಕ್ಕಿದ ಹಾಗೆ ಈ ತಿಂಗಳ ಪಟ್ಟಿಗೆ ಹಾಕಿ, ಹಳೇದರಿಂದ ತೆಗೆದುಬಿಡಿ. ನಾಲ್ಕು ಸಾಲು. ತಗೊಳ್ಳಿ.”

“ನಂದು ಸರಿ ಇರಲಿಲ್ವಾ ಮೇಡಂ?”

“ಸರಿ ಇತ್ತು. ಆದರೆ ನೋಡೋಕೆ ಕಣ್ಣು ಉರೀತಿತ್ತು.”

ಅವನು ಅವಳ ನಾಲ್ಕು ಸಾಲನ್ನು ಹೊತ್ತು ಹೋದ. ಹೊರಡುವಾಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಅವಳು ನೋಡದವಳ ಹಾಗೆ ಪೆನ್ಸಿಲ್ ಹುಡುಕಿದಳು. ಅದು ಮುಡಿಯಲ್ಲೇ ಇತ್ತು.

ಮುಂದಿನ ತಿಂಗಳು ಅವನು ಬಂದಾಗ ಮುಖ ಬಾಡಿತ್ತು. ಕಣ್ಣಾಸ್ಪತ್ರೆಯೊಂದರಲ್ಲಿ ಅಕ್ಕಪಕ್ಕ ಎರಡು ಲಿಫ್ಟ್. ತಿಂಗಳ ಪಟ್ಟಿಯಲ್ಲಿ ಒಂದು ಬಂದಿತ್ತು, ಇನ್ನೊಂದು ಬಂದಿರಲಿಲ್ಲ. ಪಟ್ಟಿಯನ್ನು ನಂಬಿ ಒಂದನ್ನು ಮಾತ್ರ ನೋಡಿ ಬಂದಿದ್ದರು. ನೋಡದೆ ಬಿಟ್ಟದ್ದು ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ಸಿಕ್ಕಿಕೊಂಡಿತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅಜ್ಜ ಒಬ್ಬರು ನಲವತ್ತು ನಿಮಿಷ ಒಳಗಿದ್ದರು. ಏನೂ ಆಗಲಿಲ್ಲ, ಅಜ್ಜ ಹೊರಗೆ ಬಂದು ನೀರು ಕೇಳಿದರು, ಅಷ್ಟೆ. ಸೂಪರ್‌ವೈಸರ್ ಮಾತ್ರ ಪಟ್ಟಿಯ ಕೆಲಸ ಅವನ ಕೈಯಿಂದ ಕಿತ್ತುಕೊಂಡಿದ್ದ.

“ನಿಮ್ಮ ನಾಲ್ಕು ಸಾಲನ್ನ ಇನ್ನೊಮ್ಮೆ ನೋಡ್ತೀರಾ?” ಎಂದು ಚೀಟಿ ಚಾಚಿದ.

ಅವಳು ಚೀಟಿ ಮುಟ್ಟಲಿಲ್ಲ. ಪಕ್ಕದಲ್ಲಿ ಹಲ್ಲಿನ ಡಾಕ್ಟರ್ ಕಿವಿ ನಿಮಿರಿಸಿ ಕೂತಿದ್ದರು. “ನನ್ನ ಸಾಲಲ್ಲಿ ತಪ್ಪಿರಲ್ಲ. ಎಲ್ಲೋ ನೀವೇ ಏನೋ ಕೈಯಾಡಿಸಿರ್ತೀರ. ಮೇಲೆ, ಕೆಳಗೆ, ಎರಡು ಬಟನ್ ಅಷ್ಟೇ ಒತ್ತಿ ಗೊತ್ತಿರೋರಿಗೆ ಯಾಕೆ ಬೇಕು ಇದೆಲ್ಲ?”

ಡಾಕ್ಟರ್ ಕಿಸಕ್ಕನೆ ನಕ್ಕರು.

ಅವನು ಗೋಡೆಯ ಮೇಲಿನ ಹಾಳೆಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. “ಆಗಲಿ ಮೇಡಂ” ಎಂದ. ಲಿಫ್ಟಿನವನು ಅಂದು ಮೆಟ್ಟಿಲಿಳಿದು ಹೋದ.

ಮರುವಾರ ಅವನು ಬರಲಿಲ್ಲ. ಒಬ್ಬ ದಡ್ಡ ಕಡಿಮೆಯಾದ ಎಂದುಕೊಂಡಳು. ಆದರೆ ಗೋಡೆಯ ಹಿಂದೆ ಲಿಫ್ಟು ಗುಂಯ್ ಎಂದಾಗಲೆಲ್ಲ ಅವಳ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

“ಆ ಲಿಫ್ಟಿನ ಹುಡುಗನಿಗೆ ಏನಂದೆ?” ಎಂದು ದೊಡ್ಡಮ್ಮ ಕೇಳಿದರು.

“ಏನಿಲ್ಲ. ಎಲ್ಲರಿಗೂ ಅನ್ನೋದನ್ನೇ ಅಂದೆ.”

“ಹಾಗಾದ್ರೆ ತುಂಬಾನೇ ಅಂದಿದೀಯ.”

ಭಾನುವಾರ ಬೆಳಿಗ್ಗೆ, ತಾನೇ ಸರಿ ಎಂದು ಸಾಬೀತು ಮಾಡಿಯೇ ಬಿಡುವ ಹಟದಲ್ಲಿ, ಅವಳು ಆ ನಾಲ್ಕು ಸಾಲನ್ನು ಮತ್ತೆ ಬರೆದಳು. ಆರು ಲಿಫ್ಟುಗಳನ್ನು ಕೊಟ್ಟಳು, ಆರೂ ಬಾಕಿ. ಪಟ್ಟಿಗೆ ಬಂದದ್ದು ಮೂರು.

ಸಾಲಾಗಿ ನಿಂತವರನ್ನು ಎಣಿಸುತ್ತಾ ಹೋಗುವಾಗ ಒಬ್ಬನನ್ನು ಹೊರಗೆ ಕಳಿಸಿದರೆ, ಅವನ ಹಿಂದಿನವನು ಖಾಲಿ ಜಾಗಕ್ಕೆ ಸರಿದುಕೊಳ್ಳುತ್ತಾನೆ. ಎಣಿಸುವವನು ಮುಂದಿನ ಜಾಗಕ್ಕೆ ಹೋಗಿರುತ್ತಾನೆ. ಸರಿದವನು ಲೆಕ್ಕಕ್ಕೇ ಸಿಗುವುದಿಲ್ಲ. ಅಕ್ಕಪಕ್ಕ ಎರಡು ಲಿಫ್ಟ್ ಬಾಕಿ ಇದ್ದರೆ ಎರಡನೆಯದು ತಪ್ಪಿಹೋಗುತ್ತದೆ. ಅವಳೇ ಬರೆದು ಗೋಡೆಗೆ ಅಂಟಿಸಿದ ಮೂರ್ಖತನ ನಂಬರ್ ಏಳು: *ಎಣಿಸುತ್ತಿರುವಾಗ ಸಾಲಿನಿಂದ ಯಾರನ್ನೂ ತೆಗೆಯಬೇಡಿ.*

ಅವನ ಹನ್ನೊಂದು ಸಾಲಿನಲ್ಲಿ ಆ ತಪ್ಪಿರಲಿಲ್ಲ. ಅವನ ಪುರಾಣ ಸರಿಯಿತ್ತು.

ಅವಳಿಗೆ ಜಗತ್ತಿನ ಮೇಲೆ ಇದ್ದ ತಾತ್ಸಾರವೆಲ್ಲ ತಿರುಗಿ ಮನೆಗೆ ಬಂದು, ಕಾಲು ಚಾಚಿ ಕೂತಿತು. ಕ್ಷಮೆ ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಕೇಳದಿದ್ದರೆ ಅವನು ಇನ್ನು ಬರುವುದಿಲ್ಲ; ಅದೂ ಗೊತ್ತಿತ್ತು.

ಸೋಮವಾರ ಅವನ ಸೂಪರ್‌ವೈಸರಿಗೆ ಫೋನ್ ಮಾಡಿ, ತಪ್ಪು ಬರೆದವಳು ನಾನು ಎಂದಳು. “ಹೌದಾ? ಅವನು ತನ್ನದೇ ತಪ್ಪು ಅಂತ ಬರೆದುಕೊಟ್ಟಿದಾನಲ್ಲ” ಎಂದ ಆತ. ಆ ಶನಿವಾರ ಎಲ್ಲರ ಎದುರಿಗೆ, ಮುಡಿಯಿಂದ ಪೆನ್ಸಿಲ್ ಎಳೆದು, ಏಳನೇ ನಂಬರಿನ ಪಕ್ಕ ಬರೆದಳು: ‘ಇದನ್ನು ನಾನೇ ಮಾಡಿದ್ದೇನೆ.’ ಹಲ್ಲಿನ ಡಾಕ್ಟರ್ ಓದಿ ಬಾಯಿ ತೆರೆದರು.

“ಬಾಯಿ ಮುಚ್ಕೊಳ್ಳಿ ಡಾಕ್ಟ್ರೇ. ಹಲ್ಲು ಕಾಣುತ್ತೆ” ಎಂದಳು.

ಅಂದೂ ಅವನು ಬರಲಿಲ್ಲ. ಆದರೆ ಲಿಫ್ಟಿನ ಒಳಗೆ ಒಂದು ಸರ್ವಿಸ್ ಕಾರ್ಡ್ ತೂಗುತ್ತಿತ್ತು. ಅದರಲ್ಲಿ ಆ ನೆಟ್ಟಗಿನ ಅಕ್ಷರಗಳು. ಮುಂದಿನ ತಾರೀಕು ಬುಧವಾರ. ಬುಧವಾರ ಅವಳು ಆಫೀಸಿಗೆ ರಜೆ ಹಾಕಿದಳು.

ಲೈಬ್ರರಿಯ ತಾರಸಿಯ ಮೇಲೆ ಪುಟ್ಟ ಮೆಷಿನ್ ರೂಮು. ಬಾಗಿಲು ತೆರೆದಿತ್ತು. ಅವನು ಮೋಟರಿನ ಮೈಗೆ ಕಿವಿಯಾನಿಸಿ ಕಣ್ಣು ಮುಚ್ಚಿ ನಿಂತಿದ್ದ. ಅವಳ ಹೆಜ್ಜೆಯ ಸದ್ದಿಗೂ ಕಣ್ಣು ತೆರೆಯಲಿಲ್ಲ.

“ಮೂರು ಮಹಡಿ ಹತ್ತಿದ್ರೆ ಇಷ್ಟು ಏದುಸಿರಾ ಮೇಡಂ? ಲಿಫ್ಟ್ ಇತ್ತಲ್ಲ.”

“ನೀವು ಆಫ್ ಮಾಡಿಟ್ಟಿದೀರ.”

“ಹೌದಲ್ಲ.” ಈಗ ಕಣ್ಣು ತೆರೆದ.

ಅವಳು ಕೈಯಲ್ಲಿದ್ದ ಚೀಟಿ ಚಾಚಿದಳು.

“ಮೊದಲ ಸಾಲಿಂದ ಓದಲಾ?” ಎಂದ.

“ತಪ್ಪು ಹುಡುಕೋರು ಕೊನೇ ಸಾಲು ಮೊದಲು ಓದ್ತಾರೆ. ಎಷ್ಟು ಸಲ ಹೇಳಿದೀನಿ?”

ಅವನು ಕೊನೆಯ ಸಾಲು ಓದಿದ. *ಏನಾಯ್ತು: ಲಿಫ್ಟು ಸದ್ದು ಮಾಡಿದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದೇನೆ.* ಕಣ್ಣು ಮೇಲೆ ಸರಿಯಿತು. *ಏನಾಗಬೇಕಿತ್ತು: ನೀವು ಬರದಿದ್ದರೆ ನೆಮ್ಮದಿ.* ಇನ್ನೂ ಮೇಲೆ. *ಏನು ಮಾಡಿದೆ: ಸರಿಯಿದ್ದ ಹನ್ನೊಂದು ಸಾಲನ್ನು ಕೆಡಿಸಿದೆ. ಕೆಡಿಸಿ, ತಪ್ಪು ನಿಮ್ಮದೆಂದೆ.*

“ಏಳನೇ ನಂಬರ್” ಎಂದ ಮೆಲ್ಲಗೆ.

“ಗೊತ್ತಿತ್ತಾ?”

“ಅವತ್ತು ಚೀಟಿಯಲ್ಲಿ ಅದನ್ನೇ ಬರೆದಿದ್ದೆ.”

“ಮತ್ತೆ ಯಾಕೆ ಬಾಯಿಬಿಡಲಿಲ್ಲ?”

“ಡಾಕ್ಟರ್ ಪಕ್ಕದಲ್ಲಿದ್ರು. ಅವರ ಎದುರಿಗೆ ನಿಮ್ಮನ್ನ ಹೇಗೆ ಅನ್ನಲಿ?”

“ನಾನು ನಿಮ್ಮನ್ನ ಅಂದೆನಲ್ಲ.”

“ಅಂದ್ರಿ. ಬೈಗುಳಕ್ಕೆ ನನಗೇನೂ ಬೇಜಾರಿಲ್ಲ, ನಾನು ಅದಕ್ಕೇ ಬಂದೋನು. ನನ್ನ ಕೆಲಸವನ್ನ ಎರಡು ಬಟನ್ ಅಂದ್ರಲ್ಲ, ಅದು ಚುಚ್ಚಿತು.”

“ನಾನು ದಡ್ಡಿ” ಎಂದಳು. ಆ ಮಾತು ಅವಳ ಬಾಯಿಗೆ ಹೊಸದು, ಕಹಿ ಮಾತ್ರೆಯ ಹಾಗೆ ನಾಲಿಗೆಯ ಮೇಲೆ ಕರಗಿತು.

ಅವನು ಚೀಟಿಯನ್ನು ಬೆಳಕಿಗೆ ಹಿಡಿದ. “ಈ ಕೊನೇ ಸಾಲಿಗೆ ಅರ್ಥ ಏನು ಮೇಡಂ?”

“ನೋಡಿದ್ರೆ ಗೊತ್ತಾಗಲ್ವಾ?”

“ನೋಡಿದ್ರೆ ಗೊತ್ತಾಗೋದು ಅನ್ನೋದೇ ಇಲ್ಲ. ಹೇಳಬೇಕು. ಎರಡನೇ ನಂಬರ್.”

ಅವಳು ಅವನನ್ನು ಕನ್ನಡಕದ ಮೇಲಿಂದ ನೋಡಿದಳು. ಆ ನೋಟಕ್ಕೆ ಎಷ್ಟೋ ಜನ ಕಾಲ್ತೆಗೆದಿದ್ದರು. ಅವನು ನಿಂತೇ ಇದ್ದ, ತಲೆ ಸ್ವಲ್ಪ ವಾಲಿಸಿ, ಕಾಯುತ್ತಾ.

“ನನಗೆ ನೀವು ಬೇಕು” ಎಂದಳು. “ಶನಿವಾರ ಒಂದೇ ದಿನಕ್ಕಲ್ಲ.”

ಮೋಟರು ಸುಮ್ಮನಿತ್ತು. ಕೆಳಗೆಲ್ಲೋ ದೊಡ್ಡಮ್ಮ ಲಿಫ್ಟಿನ ಬಟನ್ ಒತ್ತಿ ಒತ್ತಿ, “ಮೇಲೆ ಯಾರಾದ್ರೂ ಬದುಕಿದೀರಾ?” ಎಂದು ಕೂಗಿದ್ದು ಬಾವಿಯ ಉದ್ದಕ್ಕೂ ಏರಿ ಬಂತು.

“ಆನ್ ಮಾಡಬೇಕು” ಎಂದ ಅವನು, ಸ್ವಿಚ್ಚಿನ ಕಡೆ ಹೋಗದೆ.

“ದೊಡ್ಡಮ್ಮನಿಗೆ ಮೆಟ್ಟಿಲು ಒಳ್ಳೇದು.” ಅವಳು ಅವನ ಕೈ ಹಿಡಿದಳು.

“ಗ್ರೀಸ್ ಇದೆ ಮೇಡಂ. ತೊಳೆದಿಲ್ಲ.”

“ಕಾಣುತ್ತೆ. ಕಣ್ಣಿದೆ ನನಗೆ” ಎಂದು ಮೂಗು ಮುರಿದಳು, ಕೈ ಬಿಡಲಿಲ್ಲ.