ಹನಾಳ ಫೋಟೋಗೆ ಹಾರ ಬೇಡ

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಶುಗರ್ ಲ್ಯಾಂಡ್ ಊರಿನ ಕಮ್ಯುನಿಟಿ ಹಾಲ್‌ನಲ್ಲಿ ಗೋಡೆಯ ಮೇಲಿದ್ದ ಎಲ್ಲ ಫೋಟೋಗಳಿಗೂ ಹಾರ ಬಿದ್ದಿತ್ತು.

ನಿಶಿತಾ ಡೋನಟ್ ಡಬ್ಬ ಹಿಡಿದು ಬಾಗಿಲಲ್ಲೇ ನಿಂತಳು. ನಿನ್ನೆ ಸಂಜೆ ಅವಳೂ ಅಮ್ಮನೂ ಫೋಟೋ ತೂಗುಹಾಕಿ ಹೋದಾಗ ಹಾರಗಳಿರಲಿಲ್ಲ.

ವೆಂಕಟಗಿರಿ ಅಂಕಲ್ ಏಣಿಯ ಮೇಲಿದ್ದರು. ಕನ್ನಡ ಕೂಟದ ಯಾವ ಕಾರ್ಯಕ್ರಮವಿದ್ದರೂ ಅಲಂಕಾರ ಅವರದೇ. ಯುಗಾದಿಗೆ ತಂದಿದ್ದ ಪ್ಲಾಸ್ಟಿಕ್ ಚೆಂಡುಹೂವಿನ ಹಾರಗಳನ್ನು ಗ್ಯಾರೇಜಿನಿಂದ ತಂದಿದ್ದರು.

"ಹೆಂಗಿದೆ ಪುಟ್ಟಿ? ನಿನ್ನೆ ನೋಡ್ದಾಗ ಗೋಡೆ ಬೋಳು ಬೋಳು ಅನ್ನಿಸ್ತು" ಎಂದರು.

ನಿಶಿತಾ ಒಂದೊಂದೇ ಫೋಟೋ ನೋಡುತ್ತಾ ಒಳಗೆ ಬಂದಳು.

ಫೋಟೋಗಳು ಬಹಳ ದೂರದ ಒಂದು ನಗರದವು. ಸೈನ್ಯ ಆ ನಗರವನ್ನು ಸುತ್ತುವರಿದಿದೆ. ಯಾರೂ ಹೊರಗೆ ಬರುವಂತಿಲ್ಲ. ಒಳಗಿರುವ ಕೆಲವು ಕಲಾವಿದರು ಸೇರಿ 'ಕಿಟಕಿ' ಎಂಬ ಗುಂಪು ಕಟ್ಟಿಕೊಂಡಿದ್ದಾರೆ. ಅವರು ಬಾಂಬಿನ ಫೋಟೋ ತೆಗೆಯುವುದಿಲ್ಲ. ಮೆಟ್ಟಿಲ ಮೇಲೆ ಕೂತು ಕ್ಷೌರ ಮಾಡಿಸಿಕೊಳ್ಳುವವರು, ಬಾಲ್ಕನಿಯಲ್ಲಿ ಟೊಮೆಟೊ ಬೆಳೆಯುವವರು, ಮೇಣದ ಬತ್ತಿ ಹಚ್ಚಿ ಹುಟ್ಟುಹಬ್ಬ ಮಾಡುವವರು, ಇಂಥವರ ಫೋಟೋ ತೆಗೆಯುತ್ತಾರೆ. ಜನರಿಗೆ ಅಪಾಯವಾಗಬಾರದೆಂದು ಊರಿನ ಹೆಸರು ಹಾಕುವುದಿಲ್ಲ.

ಪ್ರದರ್ಶನ ಮೊದಲು ಡಲ್ಲಾಸ್‌ನಲ್ಲಿ ನಡೆದಿತ್ತು. ಅಲ್ಲಿಂದ ಇಲ್ಲಿಗೆ ತರಿಸಿದ್ದು ನಿಶಿತಾಳ ಅಮ್ಮ. ಹನ್ನೊಂದು ಗಂಟೆಗೆ ಗುಂಪಿನ ಸಮೀರಾ ವಿಡಿಯೋ ಕಾಲ್ ಮಾಡುತ್ತಾರೆ. ಫೋಟೋದಲ್ಲಿರುವ ಹುಡುಗಿ ಹನಾಳೂ ಜೊತೆಗಿರುತ್ತಾಳೆ.

ಬಾಗಿಲ ಪಕ್ಕದ ಫೋಟೋ ಹನಾಳದು. ನಿಶಿತಾಳಷ್ಟೇ ವಯಸ್ಸು. ನೀರಿನ ಸಾಲಿನಲ್ಲಿ ಖಾಲಿ ಕ್ಯಾನ್ ಮೇಲೆ ಕುಳಿತು ನೋಟ್‌ಬುಕ್ಕಿನಲ್ಲಿ ಶಾಲೆಯ ಲೆಕ್ಕ ಮಾಡುತ್ತಿದ್ದಾಳೆ. ಈಗ ಅವಳ ಹಣೆಯ ಮೇಲೆ ಹಾರ ಇಳಿಬಿದ್ದಿತ್ತು.

ಅಮ್ಮ ಪ್ರೊಜೆಕ್ಟರ್ ತರಲು ಹೋಗಿದ್ದಳು. ಫೋನ್ ಮಾಡಿದರೆ ತೆಗೆಯಲಿಲ್ಲ. ಡ್ರೈವ್ ಮಾಡುವಾಗ ಅವಳು ತೆಗೆಯುವುದೇ ಇಲ್ಲ.

"ಅಂಕಲ್, ಕ್ಯಾನ್ ಯೂ ಪ್ಲೀಸ್..." ಎಂದು ಶುರು ಮಾಡಿ ನಿಶಿತಾ ನಿಲ್ಲಿಸಿದಳು. ಆಮೇಲೆ ಕನ್ನಡದಲ್ಲಿ ಹೇಳಿದಳು. "ಹಾರ ತೆಗೀಬೇಕು ಅಂಕಲ್."

"ಯಾಕಮ್ಮ? ಗೌರವಕ್ಕೆ ಹಾಕಿದ್ದು."

"ನಮ್ಮನೇಲಿ ಅಜ್ಜಿ ಫೋಟೋಗೆ ಮಾತ್ರ ಹಾರ ಇದೆ. ನನ್ನ ಫೋಟೋಗಿಲ್ಲ."

ಅಂಕಲ್ ಕೈ ಅಲ್ಲೇ ನಿಂತಿತು. ಒಂದು ಮೆಟ್ಟಿಲು ಇಳಿದರು.

"ಅಲ್ಲ, ಅಲ್ಲಿ ಅಷ್ಟೆಲ್ಲ ಆಗ್ತಿದೆ. ನಾನೇನೋ ಅಂದ್ಕೊಂಡೆ..." ದನಿ ತಗ್ಗಿಸಿದರು. "ಇವರೆಲ್ಲ ಇದ್ದಾರಾ?"

"ಇದ್ದಾರೆ. ಪ್ರತಿ ಶೋಗೆ ಮುಂಚೆ ಎಲ್ಲರನ್ನೂ ಕೇಳ್ತಾರೆ, ನಿಮ್ಮ ಫೋಟೋ ತೋರಿಸಬಹುದಾ ಅಂತ. ರಿಪ್ಲೈ ಬರದೇ ಇದ್ರೆ ಹಾಕಲ್ಲ. ಅದು ಕಿಟಕಿಯವರ ರೂಲ್."

"ಈ ಹುಡುಗಿ?"

"ಹನಾ. ಅವಳೊಂದು ಕಂಡಿಷನ್ ಹಾಕಿದಾಳೆ. ಲೆಕ್ಕ ಸರಿಯಾಗಿದೆ ಅಂತ ಕೆಳಗೆ ಬರೀಬೇಕಂತೆ."

ಅಂಕಲ್ ಕನ್ನಡಕ ಏರಿಸಿ ಓದಿದರು. ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಹಾಗೆಯೇ ಬರೆದಿತ್ತು. ಅವರಿಗೆ ನಗು ಬಂತು. "ಜೋರಿದಾಳೆ. ನಿನ್ನ ಥರಾನೇ."

ಮರುಕ್ಷಣ ಏಣಿ ಎಳೆದರು. "ಡಬ್ಬ ಆ ಕಡೆ ಇಡು. ಕೆಳಗಿನ ಸಾಲು ನಿಂದು, ಮೇಲಿನದು ನಂದು."

ಒಂದೊಂದೇ ಹಾರ ಇಳಿಯಿತು. ಕೊನೆಯಲ್ಲಿ ಒಂದು ಮೊಳೆ ಖಾಲಿ ಇತ್ತು.

"ಇದ್ಯಾಕೆ ಹಿಂಗೆ?"

"ಅದು ಬ್ರೆಡ್ ಮಾಡೋ ತಾತಂದು. ರಿಪ್ಲೈ ಬಂದಿಲ್ಲ. ನೆಟ್‌ವರ್ಕ್ ಇಲ್ಲದೇನೂ ಇರಬಹುದು ಅಂದ್ಲು ಅಮ್ಮ."

ಅಂಕಲ್ ಆ ಮೊಳೆಯನ್ನು ಸ್ವಲ್ಪ ಹೊತ್ತು ನೋಡಿದರು. ಕೀಳಲಿಲ್ಲ.

ಅಮ್ಮ ಪ್ರೊಜೆಕ್ಟರ್ ಹಿಡಿದು ಬರುವಾಗ ಜನ ಸೇರುತ್ತಿದ್ದರು. ಹಾರಗಳೆಲ್ಲ ಹಾಲ್‌ನ ಬಾಗಿಲಿಗೆ ತೋರಣವಾಗಿದ್ದವು. ಅಮ್ಮ ಅವನ್ನು ನೋಡಿ, "ಚೆನ್ನಾಗಿದೆಯಲ್ಲ" ಎಂದಳು. ವೆಂಕಟಗಿರಿ ಅಂಕಲ್ ನಿಶಿತಾಳ ಕಡೆ ನೋಡಿ ಡೋನಟ್ ಬಾಯಿಗಿಟ್ಟುಕೊಂಡರು.

ಕಾಲ್ ಹನ್ನೊಂದಕ್ಕೆ ಬರಲಿಲ್ಲ. ಅಲ್ಲಿ ಕರೆಂಟ್ ಇರಲಿಲ್ಲ. ಬಂದಾಗ ಹನ್ನೆರಡಾಗಿತ್ತು. ಯಾರೂ ಎದ್ದು ಹೋಗಿರಲಿಲ್ಲ.

ಪರದೆಯ ಮೇಲೆ ಸಮೀರಾ ಕಾಣಿಸಿದರು. ಪಕ್ಕದಿಂದ ಒಂದು ತಲೆ ನುಗ್ಗಿತು. ಹನಾ ಏನೋ ಕೇಳಿದಳು. ಸಮೀರಾ ನಗುತ್ತಾ ಇಂಗ್ಲಿಷ್‌ನಲ್ಲಿ ಹೇಳಿದರು. "ಬರೆದಿದ್ದೀರಾ ಅಂತ ಕೇಳ್ತಿದ್ದಾಳೆ."

ನಿಶಿತಾ ಲ್ಯಾಪ್‌ಟಾಪ್ ಎತ್ತಿಕೊಂಡು ಹನಾಳ ಫೋಟೋದ ಹತ್ತಿರ ಹೋದಳು. ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದಳು, ಮೊದಲು ಇಂಗ್ಲಿಷ್‌ನಲ್ಲಿ, ಆಮೇಲೆ ಕನ್ನಡದಲ್ಲಿ. "ಲೆಕ್ಕ ಸರಿಯಾಗಿದೆ."

ಹನಾ ಕುತ್ತಿಗೆ ನೆಟ್ಟಗೆ ಮಾಡಿ ಕುಳಿತಳು. ಹಾಲ್‌ನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ವೆಂಕಟಗಿರಿ ಅಂಕಲ್.

ಮುಂದಿನ ಪ್ರದರ್ಶನ ಆಸ್ಟಿನ್‌ನಲ್ಲಿತ್ತು. ಕಿಟಕಿಯವರು ಮತ್ತೆ ಪ್ರತಿಯೊಬ್ಬರನ್ನೂ ಕೇಳಿದರು. ಬಂದ ಉತ್ತರಗಳನ್ನು ಸಮೀರಾ ಒಂದೊಂದಾಗಿ ಅಮ್ಮನಿಗೂ ಕಳಿಸತೊಡಗಿದರು. ಸ್ಕೂಲ್ ಬಸ್ ಹತ್ತುವ ಮುಂಚೆ ನಿಶಿತಾ ದಿನವೂ ಅಮ್ಮನ ಫೋನ್ ನೋಡುತ್ತಿದ್ದಳು. ಶುಗರ್ ಲ್ಯಾಂಡ್ ಪ್ರದರ್ಶನದ ಮುಂಚೆ ಅವಳು ಹೀಗೆ ನೋಡಿರಲಿಲ್ಲ.

ಹನಾಳ ಉತ್ತರ ನಾಲ್ಕನೆಯ ದಿನ ಬಂತು. 'ಯೆಸ್' ಎಂದಿತ್ತು.