ಕಂಪ್ಯೂಟರ್ ಹೊಲದ ಎಮ್ಮೆಗಳು

"ಹೋತು! ಇನ್ನೊಂದು ಎಮ್ಮಿ ಮಾರಿದಾ!" ಸಾಕ್ಷಿ ಕುರ್ಚಿಯಿಂದ ಎದ್ದೇ ನಿಂತಳು.

ಮುದ್ದೇಬಿಹಾಳ ಬಸ್ ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಎಮ್ಮೆ ನಿಜದ್ದಲ್ಲ, ಕಂಪ್ಯೂಟರ್ ಆಟದ್ದು. ಆದರೇನಂತೆ? ಬೇಸಿಗೆ ರಜೆಯೆಲ್ಲ ಜೋಳ ಬಿತ್ತಿ, ಬಾವಿ ತೋಡಿ, ಒಂದೊಂದಾಗಿ ಕೂಡಿಸಿದ ಎಮ್ಮೆಗಳು ಕಣ್ಣೆದುರೇ ಹೋಗುತ್ತಿದ್ದರೆ ಯಾರ ಹೊಟ್ಟೆ ಉರಿಯುವುದಿಲ್ಲ ಹೇಳಿ!

ಆಟದಲ್ಲಿ ಅವಳ ಪಕ್ಕದ ಹೊಲ ನೆಟ್ ಸೆಂಟರ್ ನಡೆಸುವ ಸುನೀಲಣ್ಣನದು. ಅವನ ಕಂಪ್ಯೂಟರಿನಲ್ಲಿ ಬೇಲಿಯಾಚೆಗಿನ ಅವಳ ಹೊಲ ಕಾಣುತ್ತಿತ್ತು. ಅಲ್ಲಿ ಯಾವನೋ ಕಳ್ಳ ಆರಾಮಾಗಿ ವ್ಯಾಪಾರ ನಡೆಸಿದ್ದ. ಸಾಕ್ಷಿ ಒಳಗೆ ಹೋಗಲು ನೋಡಿದರೆ 'ಪಾಸ್‌ವರ್ಡ್ ತಪ್ಪು' ಎಂದೇ ಬರುತ್ತಿತ್ತು.

"ಖರೇ ಹೇಳು, ಪಾಸ್‌ವರ್ಡ್ ಯಾರಿಗೆ ಕೊಟ್ಟಿ?" ಸುನೀಲಣ್ಣ ಕೇಳಿದ.

"ಯಾರಿಗೂ ಕೊಟ್ಟಿಲ್ಲಣ್ಣ! ನಿನ್ನೆ ಒಂದು ಮೆಸೇಜ್ ಬಂದಿತ್ತು. ಎಮ್ಮಿ ಫ್ರೀ ಅಂತ. ಒತ್ತಿದೆ. ನಮ್ಮ ಆಟದ ಪೇಜೇ ಬಂತು. ಪಾಸ್‌ವರ್ಡ್ ಹಾಕಿಬಿಟ್ಟೆ."

"ಅಯ್ಯ ಹುಚ್ಚಿ! ಅದು ನಮ್ಮ ಪೇಜಲ್ಲ, ಡುಪ್ಲಿಕೇಟ್! ಮ್ಯಾಲಿನ ಅಡ್ರೆಸ್ ನೋಡಬೇಕಿತ್ತಿಲ್ಲೋ? ಕಳ್ಳನ್ನ ಕರದು ಕೀಲಿಕೈ ಕೊಟ್ಟಂಗಾತು."

ಸಾಕ್ಷಿಯ ಕಣ್ಣಲ್ಲಿ ನೀರು ಬಂತು. ಬೈಯುವುದನ್ನು ಬಿಟ್ಟು ಸುನೀಲಣ್ಣ 'ಪಾಸ್‌ವರ್ಡ್ ಮರೆತಿರಾ' ಎಂಬಲ್ಲಿ ಒತ್ತಿದ. ಒಂದು ಪ್ರಶ್ನೆ ಬಂತು: ನಿಮ್ಮ ತಾಯಿಯ ಹೆಸರೇನು?

"ಇಷ್ಟೇನಾ!" ಸಾಕ್ಷಿ ಕಣ್ಣೊರೆಸಿಕೊಂಡು ಜಯಮಾಲಾ ಎಂದು ಟೈಪ್ ಮಾಡಿದಳು.

ಉತ್ತರ ತಪ್ಪು. ಇನ್ನೊಂದೇ ಸಲ ಅವಕಾಶ.

"ನಮ್ಮವ್ವನ ಹೆಸರು ನನಗೇ ಗೊತ್ತಿಲ್ಲೇನು? ಈ ಕಂಪ್ಯೂಟರಿಗೆ ತಲಿ ಕೆಟ್ಟೈತಿ!"

"ತಡಿ ತಡಿ. ಅಕೌಂಟ್ ಮಾಡಿಕೊಟ್ಟವರು ಯಾರು?"

"ಮನಗೂಳಿ ಚೇತನಮಾಮಾ, ನಮ್ಮವ್ವನ ತಮ್ಮ. ಎಲ್ಲಾ ಅವನೇ ತುಂಬಿದ್ದ."

ಅಷ್ಟರಲ್ಲಿ ಸಂತೆ ಚೀಲ ಹಿಡಿದ ಅವ್ವ ಬಾಗಿಲಲ್ಲಿ ನಿಂತಿದ್ದಳು. "ಈಗ ಬರ್ತೇನಿ ಅಂತ ಹೋದಾಕಿ ಇಲ್ಲೇ ಬೀಡು ಬಿಟ್ಟಿಯೇನು?"

ಸಾಕ್ಷಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಬೈಗುಳ ಬರುತ್ತದೆಂದು ತಲೆ ತಗ್ಗಿಸಿದಳು. ಬರಲಿಲ್ಲ. ಅವ್ವ ಆಚೀಚೆ ನೋಡಿ, ಮೆಲ್ಲಗೆ, "ನಿಮ್ಮ ಆಯಿ ಹೆಸರು ಹಾಕು" ಎಂದಳು.

ಆಯಿ ಅಂದರೆ ಅಪ್ಪನ ಅವ್ವ, ರೇವವ್ವ.

"ಅವ್ವಾ, ಆಯಿದಲ್ಲ, ನಿನ್ನ ಹೆಸರು ಕೇಳಾಕತ್ತೈತಿ!"

"ನಂದೂ ಅದೇ ಇತ್ತವಾ. ಅತ್ತಿ ಸೊಸಿ ಇಬ್ಬರದೂ ಒಂದೇ ಹೆಸರಾದ್ರ ಹೆಂಗ? ಹಿರೇರ ಹೆಸರು ಹಿಡದು ಸೊಸಿನ್ನ ಕರಿಯಾಕ ಬರ್ತೈತೇನು? ಲಗ್ನದ ದಿನ ತಾಟಿನ್ಯಾಗಿನ ಅಕ್ಕಿ ಮ್ಯಾಲ ಉಂಗುರದಿಂದ ಜಯಮಾಲಾ ಅಂತ ಹೊಸ ಹೆಸರು ಬರದ್ರು. ಮುಗೀತು."

ಅವ್ವನ ತವರು ಮನಗೂಳಿಯಲ್ಲಿ ಒಡಹುಟ್ಟಿದವರಲ್ಲಿ ಅವಳೇ ಎಲ್ಲರಿಗಿಂತ ದೊಡ್ಡವಳು. ಅಕ್ಕಾ ಅನ್ನುವುದು ಬಿಟ್ಟು ಅಲ್ಲಿ ಯಾರೂ ಬೇರೆ ಹೆಸರಿಂದ ಕರೆದದ್ದು ಸಾಕ್ಷಿ ಕೇಳಿಯೇ ಇರಲಿಲ್ಲ.

ಸುನೀಲಣ್ಣ ರೇವವ್ವ ಎಂದು ಟೈಪ್ ಮಾಡಿದ. ಆಟದ ಬಾಗಿಲು ತೆರೆಯಿತು! ಹೊಸ ಪಾಸ್‌ವರ್ಡ್ ಹಾಕಿದ ಕೂಡಲೇ ಕಳ್ಳ ಹೊರಗೆ. ಹೊಲದಲ್ಲಿ ಉಳಿದದ್ದು ಎರಡು ಎಮ್ಮೆ, ಒಂದು ಕರು. ಇಷ್ಟಾದರೂ ಉಳಿದವಲ್ಲಾ ಎಂದು ಸಾಕ್ಷಿ ಕುಣಿದಳು.

"ಆ ಗುಟ್ಟಿನ ಉತ್ತರಾನೂ ಬದಲಿ ಮಾಡು. ಮನಗೂಳಿ ಮಂದಿಗೆಲ್ಲಾ ಗೊತ್ತಿರ್ತೈತಿ," ಎಂದ ಸುನೀಲಣ್ಣ.

"ಈಗ ಯಾರಿಗೆ ನೆನಪೈತಪಾ ಅದು?" ಅವ್ವ ನಕ್ಕಳು. ಸಾಕ್ಷಿ ಅವ್ವನ ಮುಖ ನೋಡುತ್ತ ಹೊಸ ಉತ್ತರ ಹಾಕಿದಳು.

ದಾರಿಯಲ್ಲಿ ಚೀಲದ ಒಂದು ಕಿವಿ ಅವ್ವನ ಕೈಯಲ್ಲಿ, ಇನ್ನೊಂದು ಸಾಕ್ಷಿಯ ಕೈಯಲ್ಲಿ.

"ಹೆಸರು ಬದಲಿ ಮಾಡಿದಾಗ ನೀ ಅತ್ತೇನವ್ವಾ?"

"ಲಗ್ನದ ಗದ್ದಲದಾಗ ಅದಕ್ಕೆಲ್ಲಿ ಅಳೂದು?"

"ವಾಪಸ್ ಕೊಡ್ರಿ ಅಂತ ಕೇಳಲಿಲ್ಲ?"

"ಯಾರನ್ನ ಕೇಳೂದು!"

ಓಣಿ ತಿರುವಿನಲ್ಲಿ ಆಟೋ ಬಂತು. ಅದಕ್ಕೆ ದಾರಿ ಬಿಡಲು ಅವ್ವ ಚೀಲವನ್ನು ತಾನೇ ಎಳೆದುಕೊಂಡು ಮುಂದೆ ನಡೆದಳು. ಸಾಕ್ಷಿ ಹಿಂದೆ ಉಳಿದಳು. ಯಾರೂ ಇಲ್ಲದ್ದು ನೋಡಿ, ಸುಮ್ಮನೆ, ನೋಡೋಣವೆಂದು ಕೂಗಿದಳು.

"ರೇವವ್ವಾ!"

"ಓ" ಎಂದುಬಿಟ್ಟಳು ಅವ್ವ, ಹಿಂದಿರುಗಿ ನೋಡುವ ಮೊದಲೇ. ಆಮೇಲೆ ಅಲ್ಲೇ ನಿಂತಳು. ಬೈಯಲಿಲ್ಲ, ನಗಲೂ ಇಲ್ಲ.

ಸಾಕ್ಷಿ ಓಡಿ ಹೋಗಿ ಚೀಲದ ಕಿವಿ ಹಿಡಿದುಕೊಂಡಳು. ಹೋದ ಎಮ್ಮೆಗಳ ಮಾತು ಮನೆ ಬರುವವರೆಗೂ ತೆಗೆಯಲಿಲ್ಲ.