ಮರಳು ತುಂಬಿದ ಡ್ರಮ್

ನನ್ನ ಕ್ರೇನಿನ ದಿನದ ಬಾಡಿಗೆ ಎಂಟು ಸಾವಿರ, ಅದರ ಕೊಕ್ಕೆಗೆ ಕಟ್ಟುವ ನಿಂಬೆಹಣ್ಣಿಗೆ ಐದು ರೂಪಾಯಿ. ಆ ಐದು ರೂಪಾಯಿಯನ್ನು ನಾನು ಎಂದೂ ಉಳಿಸಿದವನಲ್ಲ.

ಹರವೆ ಊರಿನಾಚೆ ಕೈಬಿಟ್ಟ ಕರಿಕಲ್ಲಿನ ಕ್ವಾರಿಯಲ್ಲಿ ಒಂದು ಪರೀಕ್ಷೆಯಿತ್ತು. ಅಣುತ್ಯಾಜ್ಯದ ಡ್ರಮ್ಮನ್ನು ನೆಲದಾಳಕ್ಕೆ ಇಳಿಸುವಾಗ ಕೈತಪ್ಪಿ ಬಿದ್ದರೆ ಒಡೆಯುತ್ತದೆಯೇ ಎಂದು ನೋಡಬೇಕಿತ್ತು. ಪರೀಕ್ಷೆಯ ಡ್ರಮ್ಮಿನೊಳಗೆ ಇದ್ದದ್ದು ಬರೀ ಮರಳು. ತುಂಬಿದವರು ನಾನು ಮತ್ತು ನನ್ನ ಜೊತೆಗಾರ ಮಹಾಲಿಂಗ. ಅವನಿಗೆ ಆಗಷ್ಟೇ ಮಗಳು ಹುಟ್ಟಿದ್ದಳು.

ಮಟಮಟ ಮಧ್ಯಾಹ್ನ ಡ್ರಮ್ಮನ್ನು ಅರ್ಧ ಇಳಿಸಿ ಬೀಳಿಸಿದೆ. ಬಂಡೆಗೆ ಬಡಿದರೂ ಸದ್ದೇ ಬರಲಿಲ್ಲ. ಕ್ವಾರಿಯ ತಳದ ನೀರಿನಲ್ಲಿ ವಟಗುಟ್ಟುತ್ತಿದ್ದ ಕಪ್ಪೆಗಳು ಮಾತ್ರ ಒಮ್ಮೆಲೇ ಸುಮ್ಮನಾದವು. ಕೊಕ್ಕೆಯನ್ನು ಮೇಲೆಳೆದರೆ, ಬೆಳಿಗ್ಗೆ ಕಟ್ಟಿದ್ದ ನಿಂಬೆಹಣ್ಣು ಕರ್ರಗೆ ಒಣಗಿಹೋಗಿತ್ತು.

“ಮುಟ್‌ಬ್ಯಾಡ ಕಣ್ಲಾ, ಮ್ಯಾಕ್ಕೆ ಬಾ!” ಎಂದು ಕೂಗಿದೆ.

ಮಹಾಲಿಂಗ ಆಗಲೇ ಕೆಳಗಿಳಿದಿದ್ದ. “ನಾವೇ ತುಂಬಿದ್ ಮಳ್ಳು ಕಣಣ್ಣ, ಕಚ್ತದಾ?” ಎಂದು ನಕ್ಕು, ಡ್ರಮ್ಮಿನ ಮೇಲೆ ಬಲ ಅಂಗೈ ಊರಿದ. ನಗು ಅಲ್ಲೇ ನಿಂತಿತು. “ಅಣ್ಣಾ, ಬಿಸಿ ಅದ. ಒಳಗ್ಲಿಂದ ಯಾರೋ ಕೈಗೆ ಕೈ ಕೊಟ್ಟಂಗಾಯ್ತದ.”

ಪರೀಕ್ಷೆ ನಡೆಸುತ್ತಿದ್ದ ಎಂಜಿನಿಯರು ವಿಕಿರಣ ಅಳೆಯುವ ಮೀಟರ್ ಹಿಡಿದರು. ಅದರ ಮುಳ್ಳು ಮಿಸುಕಲಿಲ್ಲ. ಮುಚ್ಚಳ ತೆಗೆಸಿದರು. ನಮ್ಮದೇ ಮರಳು, ತಣ್ಣಗಿತ್ತು.

ಡ್ರಮ್ ಒಡೆದಿರಲಿಲ್ಲವಾದ್ದರಿಂದ ಪರೀಕ್ಷೆ ಪಾಸಾಯಿತು, ನನಗೆ ಪೂರಾ ಬಾಡಿಗೆ ಸಿಕ್ಕಿತು. ಮಹಾಲಿಂಗನ ಕೈಯಲ್ಲಿ ಏನೂ ದೋಷವಿಲ್ಲವೆಂದು ಚಾಮರಾಜನಗರದ ಡಾಕ್ಟರು ಹೇಳಿದರು. ಕೊಕ್ಕೆಗೆ ಮೊದಲು ಅವನು ಕಟ್ಟುತ್ತಿದ್ದ ನಿಂಬೆಹಣ್ಣನ್ನು ಈಗ ನಾನೇ ಕಟ್ಟುತ್ತೇನೆ. ಅವನ ಬಲಗೈಗೆ ಕೊಟ್ಟರೆ ಕಟ್ಟುವಷ್ಟರಲ್ಲೇ ಒಣಗುತ್ತದೆ. ಮಗಳನ್ನು ಅವನು ಎಡಗೈಯಲ್ಲಿ ಮಾತ್ರ ಎತ್ತಿಕೊಳ್ಳುತ್ತಾನೆ.